ಸೋಮವಾರದಿಂದ ಡಯಟ್! ಸರಿ, ಯಾವತ್ತಿನವರೆಗೆ?

ಹಳೇಬೀಡು ಸರಣಿ, ಭಾಗ 6

ಫೋಟೋದಲ್ಲಿರೋದು ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ. ಟ್ರಿಪ್‌ಗೆ ಬಂದವರು ಹೊಯ್ಸಳೇಶ್ವರ ನೋಡಿ ಬಸ್ ಹತ್ತಿಬಿಡ್ತೀರಾ, ಇದು ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ.

ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಕೈಸೇರುವ ಹೊತ್ತಿಗೆ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ದೇವರಿಗೆ ವಿಜಯ ಪಾರ್ಶ್ವ, ಮಗುವಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ ಅನ್ನುತ್ತೆ ಇಲ್ಲಿನ ಶಾಸನ. ಕಾಲ ಕೂಡಿಬರೋದಕ್ಕೆ ಅಷ್ಟು ಬೆಲೆ!

ಊಟ ಬದಲಾಯಿಸೋಕೂ ನಾವು ಹಾಗೇ ದಿನ ನೋಡ್ತೀವಿ. ಸೋಮವಾರ, ಒಂದನೇ ತಾರೀಖು, ಹೊಸ ಸೆಮಿಸ್ಟರ್. 2014ರಲ್ಲಿ ಹೆಂಗ್‌ಚೆನ್ ಡಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಅಮೆರಿಕದಲ್ಲಿ ಇದನ್ನೇ ಲೆಕ್ಕ ಹಾಕಿದ್ರು. ವಾರ, ತಿಂಗಳು, ವರ್ಷ ಶುರುವಾದಾಗ ಗೂಗಲ್‌ನಲ್ಲಿ ‘ಡಯಟ್’ ಹುಡುಕಾಟ ಏರುತ್ತೆ. ಹುಟ್ಟುಹಬ್ಬ ಆದಮೇಲೆ ಜಿಮ್‌ಗೆ ಹೋಗೋದೂ ಜಾಸ್ತಿ, 21ನೇ ಹುಟ್ಟುಹಬ್ಬ ಒಂದನ್ನು ಬಿಟ್ಟು! (ಅಲ್ಲಿ ಕುಡಿಯೋಕೆ ಕಾನೂನಿನ ವಯಸ್ಸು ಅದೇ.) ಸೋತಿದ್ದೆಲ್ಲ ‘ಹಳೇ ನಾನು’ ಖಾತೆಗೆ, ಹೊಸ ನಾನು ಸೊನ್ನೆಯಿಂದ ಶುರು. ಮನಸ್ಸಿನ ಲೆಕ್ಕ ಇಷ್ಟೇ.

ಆದ್ರೆ ಬಸದಿಗೆ ಬರ್ತಿದ್ದವರ ಹತ್ರ ಇನ್ನೊಂದು ಉಪಾಯ ಇತ್ತು. ಹೊಯ್ಸಳರಿಗಿಂತ ಎಷ್ಟೋ ಮುಂಚಿನ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡು ಥರದ ತ್ಯಾಗ ಇದೆ. ಜೀವನಪೂರ್ತಿ ಬಿಟ್ಟರೆ ಯಮ, ಅವಧಿ ಹಾಕಿಕೊಂಡು ಬಿಟ್ಟರೆ ನಿಯಮ. ಅವಧಿ ಒಂದು ಹಗಲಾಗಬಹುದು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಆರು ತಿಂಗಳೂ ಆಗಬಹುದು. ಚಾತುರ್ಮಾಸದಲ್ಲಿ ಸೊಪ್ಪು ಬಿಡೋದನ್ನೇ ನೋಡಿ. ಮಳೆಗಾಲದಲ್ಲಿ ಎಲೆ ತುಂಬ ಹುಳ, ಜೀವಹಿಂಸೆ ಬೇಡ ಅಂತ ಬಿಡ್ತಾರೆ. ಕಾರಣ ಗೊತ್ತು, ಶುರು ಗೊತ್ತು, ಮುಗಿಯೋದೂ ಗೊತ್ತು.

ಬಾಡು ತಿನ್ನೋ ಮನೆಗಳಲ್ಲೂ ಇದೇ ಲೆಕ್ಕ. ಶ್ರಾವಣ ಪೂರ್ತಿ ಮುಟ್ಟದವರು ಎಷ್ಟೋ ಜನ. ಯುಗಾದಿ ದಿನ ಬೇವು-ಬೆಲ್ಲ, ಹೋಳಿಗೆ. ಮಾರನೇ ದಿನ ಹೊಸತೊಡಕು, ಬಾಡೂಟ. ಬೀದಿಗೆ ಬೀದಿಯೇ ಒಟ್ಟಿಗೆ ಬಿಡುತ್ತೆ, ಒಟ್ಟಿಗೆ ತಿನ್ನುತ್ತೆ. ಅದಕ್ಕೇ ಅದು ಕಷ್ಟ ಅನ್ಸಲ್ಲ.

ನಮ್ಮ ಸೋಮವಾರಕ್ಕೆ ಶುರು ಮಾತ್ರ ಇದೆ, ಕೊನೆ ಇಲ್ಲ, ಜೊತೆಗಾರರೂ ಇಲ್ಲ. ‘ಇನ್ಮೇಲೆ ಯಾವತ್ತೂ ಗೋಬಿ ತಿನ್ನಲ್ಲ’ ಅಂತ ನೇರ ಯಮಕ್ಕೇ ಕೈ ಹಾಕ್ತೀವಿ. ಗುರುವಾರ ಒಂದು ಪ್ಲೇಟ್ ತಿಂದ ತಕ್ಷಣ ‘ನನ್ನ ಕೈಲಾಗಲ್ಲ’ ಅಂತ ನಮ್ಮನ್ನೇ ಬೈಕೋತೀವಿ. ಕೆಲವರಂತೂ ಆ ಸಿಟ್ಟಿಗೆ ರಾತ್ರಿ ಊಟಾನೇ ಬಿಡ್ತೀರಾ. ದಯವಿಟ್ಟು ಬೇಡ.

ಮುಂದಿನ ಸಲ ನಿಯಮ ಮಾಡಿ ನೋಡಿ. ಒಂದೇ ಒಂದು ತಿಂಡಿ, ಹದಿನೈದು ದಿನ, ಜೊತೆಗೆ ಒಬ್ಬ ಫ್ರೆಂಡು. ಕೊನೇ ತಾರೀಖನ್ನೂ ಬರೆದಿಡಿ.

ಏನು ಬಿಡ್ತೀರಾ, ಯಾವತ್ತಿನವರೆಗೆ? ಕಾಮೆಂಟ್‌ನಲ್ಲಿ ಹಾಕಿ, ಜೊತೆಗಾರರು ಅಲ್ಲೇ ಸಿಗ್ತಾರೆ.

#ಬಸ್ತಿಹಳ್ಳಿ #ಹಳೇಬೀಡು #ಹೊಸತೊಡಕು