ರೈಫೈಸನ್ ಅವರನ್ನು ಹೆತ್ತ ತಾಯಿ

ಸಹಕಾರ ಸಪ್ತಾಹದ ಸಭೆಗಳಲ್ಲಿ ರೈಫೈಸನ್ ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಹಳ್ಳಿ ರೈತರ ಪತ್ತಿನ ಸಂಘಕ್ಕೆ ದಾರಿ ಹಾಕಿಕೊಟ್ಟ ಜರ್ಮನಿಯ ಪುಣ್ಯಾತ್ಮರು ಅವರು. ಆದರೆ ಅವರನ್ನು ಹೆತ್ತು ಸಾಕಿದ ತಾಯಿ ಯಾರು ಅಂತ ಯಾವ ಭಾಷಣದಲ್ಲೂ ಕೇಳಿದ್ದಿಲ್ಲ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಆ ತಾಯಿಯನ್ನು ನೆನೆಯೋಣ ಎಂದು ನಮಗೆ ತೋಚಿತು.

ಆಕೆಯ ಹೆಸರು ಅಮಾಲಿ. ಸೀಗ್ ನದಿ ದಂಡೆಯ ಹಾಮ್ ಎಂಬ ಸಣ್ಣ ಊರಿನವರು. ಗಂಡ ಅಲ್ಲಿ ಮೇಯರ್. ನಮ್ಮಲ್ಲಿ ಪಂಚಾಯ್ತಿ ಚೇರ್ಮನ್ ಇದ್ದಂಗೆ. ಒಂಬತ್ತು ಮಕ್ಕಳು. 1818ರ ಮಾರ್ಚ್ 30ರಂದು ಹುಟ್ಟಿದ ಫ್ರೆಡ್ರಿಕ್ ವಿಲ್ಹೆಲ್ಮ್ ಏಳನೆಯವನು. ಮಕ್ಕಳು ಚಿಕ್ಕವರಿರುವಾಗಲೇ ಗಂಡನ ಆರೋಗ್ಯ ಕೆಟ್ಟಿತು, ಅಧಿಕಾರವೂ ಹೋಯಿತು. ಮನೆಯ ಭಾರವೆಲ್ಲ ಈ ತಾಯಿಯ ಹೆಗಲಿಗೆ ಬಿತ್ತು.

ಆಕೆ ಪ್ರಾಟೆಸ್ಟೆಂಟ್ ಚರ್ಚಿನ ಭಕ್ತೆ. ಮಕ್ಕಳನ್ನೂ ಅದೇ ಭಕ್ತಿಯಲ್ಲಿ ಬೆಳೆಸಿದರು. ಮಗನನ್ನು ಹೈಸ್ಕೂಲಿಗೆ ಕಳಿಸಲು ಕಾಸಿರಲಿಲ್ಲ. ಊರ ಪಾದ್ರಿ ಸೈಪೆಲ್ ಅವರೇ ಹುಡುಗನಿಗೆ ಪಾಠ ಹೇಳಿದರು. 17ನೇ ವಯಸ್ಸಿಗೆ ಹುಡುಗ ಸೈನ್ಯಕ್ಕೆ ಸೇರಿದ. ಕಣ್ಣಿನ ತೊಂದರೆಯಿಂದ ಅದನ್ನು ಬಿಟ್ಟು, 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ತಾವೇ ಮೇಯರ್ ಆದರು.

1846-47ರಲ್ಲಿ ಬರ ಬಂತು. ರೈಫೈಸನ್ ಉಳ್ಳವರಿಂದ ಹಣ ಕೂಡಿಸಿ, ರೊಟ್ಟಿ ಸುಡಿಸಿ, ಬಡವರಿಗೆ ಕಡಿಮೆ ಬೆಲೆಗೆ ಸಾಲವಾಗಿ ಕೊಡಿಸಿದರು. 1849ರಲ್ಲಿ ಬಡ್ಡಿ ಸಾಹುಕಾರರಿಂದ ರೈತರನ್ನು ಬಿಡಿಸಲು ಇನ್ನೊಂದು ಸಂಘ. ಉಳ್ಳವರ ದಯೆಯಿಂದ ಸಂಘ ನಿಲ್ಲುವುದಿಲ್ಲ, ಸಾಲ ಪಡೆಯುವವರೇ ಸದಸ್ಯರಾಗಬೇಕು ಎಂದು ಅನುಭವದಿಂದ ಕಂಡುಕೊಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲದ ಸಂಘ ಕಟ್ಟಿದರು. ಇದಕ್ಕೆಲ್ಲ ತಾಯಿಯೇ ಕಾರಣ ಅಂತ ನಾವು ಬರೆದುಕೊಡಲಾರೆವು. ಆದರೆ ಬಡತನವನ್ನು ಅವರು ಪುಸ್ತಕ ಓದಿ ತಿಳಿದವರಲ್ಲ, ತಾಯಿಯ ಮನೆಯಲ್ಲೇ ಕಂಡವರು.

ಹಿರಿಯ ಮಗಳಿಗೆ ಅವರು ಇಟ್ಟದ್ದೂ ಅಮಾಲಿ ಎಂಬ ಹೆಸರೇ. ತಂದೆಯ ಕಣ್ಣು ಮಂಜಾದ ಮೇಲೆ ಓದಿ ಹೇಳುವುದು, ಪತ್ರ ಬರೆಯುವುದು ಎಲ್ಲ ಆ ಮಗಳ ಕೆಲಸವಾಯಿತು. 1888ರಲ್ಲಿ ರೈಫೈಸನ್ ತೀರಿಕೊಂಡರು. ಅವರ ದಾರಿ ನಮ್ಮ ದೇಶಕ್ಕೂ ಬಂತು. 1904ರಲ್ಲಿ ಸಹಕಾರ ಕಾಯಿದೆ ಆಯಿತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು.

ಇನ್ನು ನಮ್ಮೂರಿಗೆ ಬರೋಣ. ನಮ್ಮ ಸಂಘ ಶುರುವಾದಾಗ ಅವ್ವ ತುಪ್ಪ ಮಾರಿ ಕೂಡಿಟ್ಟಿದ್ದ ದುಡ್ಡಲ್ಲೇ ನಮ್ಮಪ್ಪ ಷೇರು ಕಟ್ಟಿದ್ದು. ರಸೀತಿ ಮಾತ್ರ ಅಪ್ಪನ ಹೆಸರಿಗೆ. ಮಳೆ ಕೈಕೊಟ್ಟ ವರ್ಷ ಓಲೆ ಅಡವಿಟ್ಟು ಸಂಘದ ಕಂತು ತೀರಿಸಿದ್ದೂ ಅವ್ವನೇ. ಆಕೆ ಈಗಿಲ್ಲ. ಸಂಘದ ಯಾವ ಪುಸ್ತಕದಲ್ಲೂ ಆಕೆಯ ಹೆಸರಿಲ್ಲ. ಇಂಥ ತಾಯಂದಿರು ಮನೆಮನೆಯಲ್ಲೂ ಇದ್ದಾರೆ. ನಿರ್ದೇಶಕರಾಗಿ ಕುರ್ಚಿ ಮೇಲೆ ಕೂತ ನಾವು ಇಷ್ಟು ವರ್ಷ ಇದನ್ನು ಕೇಳಲೇ ಇಲ್ಲ. ಅದು ನಮ್ಮ ತಪ್ಪು.

ಬೆಳ್ಳಿಹಬ್ಬಕ್ಕೆ ಕಟ್ಟಡಕ್ಕೆ ಸುಣ್ಣ ಬಣ್ಣ ಆಗಿದೆ, ಸಂತೋಷ. ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟೇ: ಮುಂದಿನ ಮಹಾಸಭೆಯೊಳಗೆ ನಿಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳ ಹೆಸರಿಗೂ ಒಂದೊಂದು ಷೇರು ಮಾಡಿಸಿ, ಸಭೆಗೆ ಅವರನ್ನು ಕರೆತನ್ನಿ. ಕೂರಿಸಲು ಜಾಗ ಮಾಡುವ ಹೊಣೆ ನಮ್ಮದು.