ಕಾರ್ನಿಯಾ ಕಸಿ: ಅಂದಿನಿಂದ ಇಂದಿನವರೆಗೆ ಏನೇನು ಬದಲಾಯಿತು

ನೇತ್ರದಾನದ ಬಗ್ಗೆ ತಿಳಿಸಲು ಮನೆಗಳಿಗೆ ಹೋದಾಗ ಹಿರಿಯರು ಎತ್ತುವ ಆಕ್ಷೇಪಣೆಗಳು ಹೆಚ್ಚಾಗಿ ಹಳೆಯ ಕಾಲದ ಚಿಕಿತ್ಸೆಗೆ ಸೇರಿದವು. ಇಡೀ ಕಣ್ಣು ತೆಗೆಯುತ್ತಾರಂತೆ, ಮುಖ ನೋಡಲಾಗುವುದಿಲ್ಲವಂತೆ, ವಯಸ್ಸಾದವರ ಕಣ್ಣು ಯಾರಿಗೂ ಬರುವುದಿಲ್ಲವಂತೆ ಎಂಬ ಮಾತುಗಳು. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಕಾರ್ನಿಯಾ ಕಸಿಯ ರೀತಿಯೇ ಬದಲಾಗಿದೆ. ಸಮಾಜ ಬಾಂಧವರ ಮಾಹಿತಿಗಾಗಿ ಅದರ ವಿವರಗಳನ್ನು ಇಲ್ಲಿ ಕೊಟ್ಟಿದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಇಡೀ ಕಣ್ಣನ್ನು ಯಾರಿಗೂ ಜೋಡಿಸಲಾಗುವುದಿಲ್ಲ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಗಲ 11-12 ಮಿಲಿಮೀಟರ್. ಅಷ್ಟು ತೆಳುವಿನಲ್ಲೂ ಹಲವು ಪದರಗಳಿವೆ. ಎಲ್ಲಕ್ಕಿಂತ ಒಳಗಿನ ಎಂಡೋಥೀಲಿಯಂ ಎಂಬ ಜೀವಕೋಶಗಳ ಪದರ ಕಾರ್ನಿಯಾದಲ್ಲಿ ನೀರು ತುಂಬದಂತೆ ಸದಾ ಹೊರಗೆ ಹಾಕುತ್ತಿರುತ್ತದೆ. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ರಕ್ತದ ಗುಂಪು ಹೊಂದಬೇಕೆಂಬ ನಿಯಮವಿಲ್ಲ, ಮೂತ್ರಪಿಂಡದ ಕಸಿಗೆ ಹೋಲಿಸಿದರೆ ದೇಹ ಅದನ್ನು ತಿರಸ್ಕರಿಸುವುದೂ ಕಡಿಮೆ.

ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಮೊದಲ ಯಶಸ್ವಿ ಕಾರ್ನಿಯಾ ಕಸಿ ನಡೆದದ್ದು 1905ರ ಡಿಸೆಂಬರ್ 7ರಂದು, ಈಗ ಚೆಕ್ ದೇಶದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ. ವೈದ್ಯರು ಎಡ್ವರ್ಡ್ ಜಿರ್ಮ್. ಸುಣ್ಣ ಬಿದ್ದು ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರನೊಬ್ಬ ರೋಗಿ. ಪೆಟ್ಟು ಬಿದ್ದು ತೆಗೆಯಲೇಬೇಕಾಗಿ ಬಂದ ಒಬ್ಬ ಹುಡುಗನ ಕಣ್ಣಿನಿಂದ ಕಾರ್ನಿಯಾ ಸಿಕ್ಕಿತ್ತು. ಹಾಕಿದ ಎರಡರಲ್ಲಿ ಒಂದು ಕಣ್ಣು ಉಳಿಯಿತು. ಹೀಗೆ ಜೀವಂತ ವ್ಯಕ್ತಿಯ ಕಣ್ಣಿಗಾಗಿ ಕಾಯಬೇಕಾದರೆ ಚಿಕಿತ್ಸೆ ಬೆಳೆಯುವುದು ಸಾಧ್ಯವೇ ಇರಲಿಲ್ಲ. 1930ರ ದಶಕದಲ್ಲಿ ಒಡೆಸ್ಸಾದ ವೈದ್ಯ ಫಿಲಾಟೋವ್ ಅವರು ಮೃತರ ಕಣ್ಣುಗಳನ್ನು ಬಳಸಿ ತೋರಿಸಿದ ಮೇಲೆ ದಾರಿ ತೆರೆಯಿತು. 1944ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ನೇತ್ರ ಬ್ಯಾಂಕ್ ಆಯಿತು. ಮರುವರ್ಷವೇ, 1945ರಲ್ಲಿ, ಡಾ. ಆರ್.ಇ.ಎಸ್. ಮುತ್ತಯ್ಯ ಅವರು ಮದ್ರಾಸಿನ ಸರಕಾರಿ ಕಣ್ಣಿನ ಆಸ್ಪತ್ರೆಯಲ್ಲಿ ಭಾರತದ ಮೊದಲ ನೇತ್ರ ಬ್ಯಾಂಕ್ ತೆರೆದರು. ಈ ವಿಷಯದಲ್ಲಿ ನಮ್ಮ ದೇಶ ಹಿಂದೆ ಬಿದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮುಂದಿನ ದೊಡ್ಡ ತೊಂದರೆ ಕಾಪಾಡಿಡುವುದು. ಇಡೀ ಕಣ್ಣುಗುಡ್ಡೆಯನ್ನು ತೇವದ ಡಬ್ಬಿಯಲ್ಲಿಟ್ಟು ತಂಪಿನಲ್ಲಿ ಇಟ್ಟರೂ ಒಂದೆರಡು ದಿನದೊಳಗೆ ಬಳಸಬೇಕಿತ್ತು. ರೋಗಿಯನ್ನು ಅವಸರದಲ್ಲಿ ಕರೆಸಿ ರಾತ್ರೋರಾತ್ರಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1974ರಲ್ಲಿ ಅಮೆರಿಕದ ಮೆಕ್ಯಾರಿ ಮತ್ತು ಕೌಫ್‌ಮನ್ ಎಂಬಿಬ್ಬರು ಸಿದ್ಧಪಡಿಸಿದ ದ್ರಾವಣದಿಂದ ಕಾರ್ನಿಯಾವನ್ನು ನಾಲ್ಕು ದಿನ ಇಡಲು ಸಾಧ್ಯವಾಯಿತು. ನಂತರ ಬಂದ ದ್ರಾವಣಗಳಲ್ಲಿ ಹದಿನಾಲ್ಕು ದಿನದವರೆಗೆ ಇಡಬಹುದು. ಮದುರೆಯ ಆರೋಲ್ಯಾಬ್ ಸಂಸ್ಥೆಯೂ ಇಂಥ ದ್ರಾವಣ ತಯಾರಿಸುತ್ತದೆ. ಹಣ್ಣು ತರಕಾರಿ ವ್ಯಾಪಾರಕ್ಕೆ ಕೋಲ್ಡ್ ಸ್ಟೋರೇಜ್ ಬಂದಂತೆ ಇದು. ಕಾರ್ನಿಯಾವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲು, ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಮುಂತಾದವುಗಳಿಗೆ ತಪಾಸಣೆ ಮಾಡಲು, ತಕ್ಕ ರೋಗಿಯನ್ನು ಕರೆಸಲು ಸಮಯ ಸಿಕ್ಕಿತು. ಇನ್ನೊಂದು ಅನುಕೂಲವೂ ಆಯಿತು. ಈಗ ಅನೇಕ ನೇತ್ರ ಬ್ಯಾಂಕುಗಳು ಕಣ್ಣುಗುಡ್ಡೆಯನ್ನು ಬಿಟ್ಟು ಕಾರ್ನಿಯಾ ಮತ್ತು ಅದರ ಸುತ್ತಲಿನ ಬಿಳಿ ಅಂಚನ್ನು ಮಾತ್ರ ತೆಗೆದುಕೊಳ್ಳುತ್ತವೆ. ಗುಡ್ಡೆ ತೆಗೆದರೂ ಕೃತಕ ಗುಡ್ಡೆ ಇಟ್ಟು ರೆಪ್ಪೆ ಮುಚ್ಚುತ್ತಾರೆ. ಮುಖ ವಿಕಾರವಾಗುವುದಿಲ್ಲ.

ಇನ್ನು ಶಸ್ತ್ರಚಿಕಿತ್ಸೆ. ಬಹಳ ಕಾಲ ಒಂದೇ ವಿಧಾನವಿತ್ತು: ರೋಗಿಯ ಕಾರ್ನಿಯಾದ ನಡುಭಾಗವನ್ನು ಪೂರ್ತಿ ದಪ್ಪಕ್ಕೆ ಗುಂಡಾಗಿ ಕತ್ತರಿಸಿ ತೆಗೆದು, ಅದೇ ಅಳತೆಯ ದಾನಿಯ ತುಂಡನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿಯುವುದು. ಸಾಮಾನ್ಯವಾಗಿ ಹದಿನಾರು ಹೊಲಿಗೆ. ದೃಷ್ಟಿ ಸ್ಥಿರವಾಗಲು ವರ್ಷವೇ ಹಿಡಿಯುತ್ತಿತ್ತು. ಹೊಲಿಗೆ ಸಡಿಲವಾದರೆ ಸೋಂಕು, ಪೆಟ್ಟು ಬಿದ್ದರೆ ಗಾಯ ಬಿಚ್ಚುವ ಭಯ.

1998ರ ಸುಮಾರಿಗೆ ನೆದರ್ಲೆಂಡ್ಸಿನ ಡಾ. ಗೆರಿಟ್ ಮೆಲೆಸ್ ಅವರು ಕೆಟ್ಟಿರುವ ಒಳಪದರವನ್ನು ಮಾತ್ರ ಬದಲಿಸುವ ಕ್ರಮ ತೋರಿಸಿದರು. ಅದು ಸುಧಾರಿಸುತ್ತ ಡಿಎಸ್‌ಇಕೆ ಆಯಿತು, 2006ರ ಹೊತ್ತಿಗೆ ಡಿಎಂಇಕೆ ಬಂತು. ಇದರಲ್ಲಿ ಹಾಕುವ ಪದರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ತೆಳು. ಸಣ್ಣ ಗಾಯದ ಮೂಲಕ ಸುರುಳಿ ಸುತ್ತಿದ ಪದರವನ್ನು ಒಳಗೆ ಬಿಟ್ಟು, ಬಿಡಿಸಿ, ಗಾಳಿಯ ಗುಳ್ಳೆಯಿಂದ ಒತ್ತಿ ಅಂಟಿಸುತ್ತಾರೆ. ಕಸಿಯಾದ ಪದರಕ್ಕೆ ಹೊಲಿಗೆ ಬೇಡ. ರೋಗಿ ಕೆಲವು ಹೊತ್ತು ಅಂಗಾತ ಮಲಗಿರಬೇಕು, ಅದೇ ಮುಖ್ಯ ಪಥ್ಯ. ವಾರಗಳಲ್ಲಿ ದೃಷ್ಟಿ ಮರಳುತ್ತದೆ, ತಿರಸ್ಕಾರವೂ ಕಡಿಮೆ. ಅಮೆರಿಕದಲ್ಲಿ 2012ರ ವೇಳೆಗೆ ಒಳಪದರದ ಕಸಿಗಳ ಸಂಖ್ಯೆ ಪೂರ್ಣ ಕಸಿಯನ್ನು ಮೀರಿತು. ಇನ್ನೊಂದು ಕಡೆ, ಒಳಪದರ ಆರೋಗ್ಯವಾಗಿದ್ದು ಮುಂಭಾಗ ಕೆಟ್ಟವರಿಗೆ ಮುಂಭಾಗವನ್ನೇ ಬದಲಿಸುವ ಡಾಲ್ಕ್ ಎಂಬ ವಿಧಾನವೂ ಬಳಕೆಗೆ ಬಂತು.

ಇದರ ಅರ್ಥ, ಒಂದು ಕಾರ್ನಿಯಾವನ್ನು ಸೀಳಿ ಇಬ್ಬರಿಗೆ ಕೊಡಬಹುದು. ಕನ್ನಡಿಗರಿಗೆ ಇದು ಗೊತ್ತಾದದ್ದು 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಎರಡು ಕಣ್ಣುಗಳ ಮುಂಭಾಗವನ್ನು ಇಬ್ಬರಿಗೆ, ಹಿಂಭಾಗವನ್ನು ಇನ್ನಿಬ್ಬರಿಗೆ ಹಾಕಿದರು. ತಂದೆ ಡಾ. ರಾಜ್‌ಕುಮಾರ್ ಅವರೂ 2006ರಲ್ಲಿ ನೇತ್ರದಾನ ಮಾಡಿದ್ದರು.

ಆದರೆ ನಮ್ಮಲ್ಲಿ ಹಳೆಯ ಪೂರ್ಣ ಕಸಿ ಇನ್ನೂ ಬೇಕಾಗುತ್ತದೆ, ಕಾರಣ ರೋಗಿಗಳೇ ಬೇರೆ. ಅಮೆರಿಕದಲ್ಲಿ ವಯಸ್ಸಾದವರ ಒಳಪದರದ ಕಾಯಿಲೆ ಹೆಚ್ಚು. ಇಲ್ಲಿ ಪೊರೆ ಶಸ್ತ್ರಚಿಕಿತ್ಸೆಯ ನಂತರ ಕಾರ್ನಿಯಾ ಬಾತುಕೊಂಡವರ ಜೊತೆಗೆ, ಸೋಂಕಿನ ಹುಣ್ಣಿನಿಂದ ಕಣ್ಣು ಬೆಳ್ಳಗಾದವರು ಬಹಳ. ಬೆಳಗಾವಿ, ಬಾಗಲಕೋಟೆ ಕಡೆಯ ನಮ್ಮ ರೈತ ಕುಟುಂಬಗಳಿಗೆ ಇದು ಹೊಸದಲ್ಲ: ಕಬ್ಬಿನ ಗರಿ ಗೀಚುತ್ತದೆ, ರಾಶಿ ಮಾಡುವಾಗ ಹೊಟ್ಟು ಬೀಳುತ್ತದೆ, ಹರಳೆಣ್ಣೆ ಬಿಟ್ಟು ನಾಲ್ಕು ದಿನ ನೋಡೋಣ ಎನ್ನುತ್ತಾರೆ. ಶಿಲೀಂಧ್ರ ಬೇರೂರಲು ಆ ನಾಲ್ಕು ದಿನ ಸಾಕು. ಅಂದೇ ಕಣ್ಣಿನ ವೈದ್ಯರಲ್ಲಿ ಹೋದರೆ ಎಷ್ಟೋ ಕಸಿಗಳು ತಪ್ಪುತ್ತವೆ. ಹಾಗೆಯೇ ಹರೆಯದವರಲ್ಲಿ ಕಾರ್ನಿಯಾ ಕೋನಾಕಾರಕ್ಕೆ ಉಬ್ಬುವ ಕೆರಟೊಕೋನಸ್ ಕಾಯಿಲೆಗೆ, ರೈಬೊಫ್ಲೇವಿನ್ ಹನಿ ಹಾಕಿ ನೇರಳಾತೀತ ಕಿರಣ ಬಿಡುವ ಚಿಕಿತ್ಸೆ ಬಂದ ಮೇಲೆ ಮೊದಲೇ ಪತ್ತೆಯಾದವರಲ್ಲಿ ಕಸಿಯ ಅಗತ್ಯ ತಗ್ಗಿದೆ. ಮಕ್ಕಳು ಕಣ್ಣು ಉಜ್ಜುತ್ತಲೇ ಇದ್ದರೆ, ಕನ್ನಡಕದ ನಂಬರು ಪದೇ ಪದೇ ಬದಲಾದರೆ ತೋರಿಸಿ.

ತಂತ್ರ ಎಷ್ಟು ಮುಂದುವರಿದರೂ ಕಾರ್ನಿಯಾ ಬರುವುದು ಮೃತರ ಮನೆಯಿಂದಲೇ, ಅದೂ ಆರು ಗಂಟೆಯೊಳಗೆ. ನಮ್ಮಲ್ಲಿ ಬರುವ ವಿಶೇಷ ಪ್ರಶ್ನೆ ಇದೇ. ಪ್ರಾಣ ಹೋದ ಶರೀರದಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ, ತಡಮಾಡದೆ ಸಂಸ್ಕಾರ ಮಾಡಬೇಕು ಎನ್ನುತ್ತಾರೆ ಹಿರಿಯರು. ಭಾವನೆ ಗೌರವಕ್ಕೆ ಅರ್ಹವಾದದ್ದು. ಆದರೆ ನಡೆಯುವುದೇನು? ದೂರದ ಮಗ, ಮಗಳು ಬರುವವರೆಗೆ ಮೂರು-ನಾಲ್ಕು ಗಂಟೆಯಾದರೂ ಕಾಯುತ್ತೇವೆ. ಕಣ್ಣು ತೆಗೆಯಲು ಬೇಕಾದದ್ದು ಇಪ್ಪತ್ತು ನಿಮಿಷ, ಅದೂ ಮನೆಯಲ್ಲೇ. ಕೂಡಲೇ ಫೋನ್ ಮಾಡಿದರೆ ಆ ಕಾಯುವ ಹೊತ್ತಿನಲ್ಲೇ ಕೆಲಸ ಮುಗಿಯುತ್ತದೆ, ಸಂಸ್ಕಾರ ತಡವಾಗುವುದಿಲ್ಲ. ಮುಂದಿನ ಜನ್ಮದಲ್ಲಿ ಕುರುಡಾಗುತ್ತಾರೆ ಎಂಬ ಮಾತಿಗೆ ನಮ್ಮ ಶಾಸ್ತ್ರದಲ್ಲೇ ಉತ್ತರವಿದೆ: ಜೀವದೊಂದಿಗೆ ಹೋಗುವುದು ತೈಜಸ, ಕಾರ್ಮಣ ಶರೀರಗಳು, ಔದಾರಿಕ ಶರೀರ ಇಲ್ಲೇ ಬೀಳುತ್ತದೆ.

ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು, ಕನ್ನಡಕ ಹಾಕುತ್ತಿದ್ದವರು, ಪೊರೆ ತೆಗೆಸಿಕೊಂಡವರು, ತೊಂಬತ್ತು ದಾಟಿದವರೂ ದಾನ ಮಾಡಬಹುದು. ರೇಬೀಸ್, ಎಚ್‌ಐವಿ, ಹೆಪಟೈಟಿಸ್, ರಕ್ತದ ಕ್ಯಾನ್ಸರ್ ಇದ್ದವರ ಕಣ್ಣನ್ನು ಕಸಿಗೆ ಬಳಸುವುದಿಲ್ಲ. ಬದುಕಿದ್ದಾಗ ಪ್ರತಿಜ್ಞಾಪತ್ರ ಬರೆಯದಿದ್ದರೂ ಹತ್ತಿರದ ಸಂಬಂಧಿಕರು ಒಪ್ಪಿದರೆ ಸಾಕು. ಬರೆದಿದ್ದರೂ ಮನೆಯವರು ಫೋನ್ ಮಾಡದಿದ್ದರೆ ಅದು ಬರೀ ಕಾಗದ. ಹಣ ಕೊಡುವುದೂ ಪಡೆಯುವುದೂ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಪರಾಧ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಡಿ, ವೈದ್ಯರ ಮರಣ ಪ್ರಮಾಣಪತ್ರ ಕೈಯಲ್ಲಿರಲಿ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಮನೆಯ ಕನಿಷ್ಠ ಇಬ್ಬರ ಮೊಬೈಲಿನಲ್ಲಿ ಇಂದೇ ಹಾಕಿಡಿ. ದುಃಖದ ಗಳಿಗೆಯಲ್ಲಿ ಹುಡುಕಲು ಯಾರಿಗೂ ತೋಚುವುದಿಲ್ಲ.