ಪಂಚರಿಂದ ಕ್ಯಾಮೆರಾದವರೆಗೆ: ಪೊಲೀಸರ ಮಾತಿಗೆ ಸಾಕ್ಷಿ ಯಾರು?

ಈ ವಾರದ ವಿಷಯ, ಪೊಲೀಸರು ಎದೆಗೆ ಸಿಕ್ಕಿಸಿಕೊಳ್ಳೋ ಕ್ಯಾಮೆರಾ. ಬೆಂಗಳೂರಿನ ಟ್ರಾಫಿಕ್ ಪೊಲೀಸರ ಸಮವಸ್ತ್ರದ ಮೇಲೆ ಅದನ್ನ ಕೆಲವು ವರ್ಷಗಳಿಂದ ನೋಡ್ತಾ ಇದೀವಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿಗೆ ಇದರ ಉಸಾಬರಿ ಯಾಕ ಅಂತೀರಾ? 2025ರ ನವೆಂಬರ್ ನೆನಪು ಮಾಡ್ಕೊಳ್ರಿ. ಟನ್ ಕಬ್ಬಿಗೆ 3,500 ರೂಪಾಯಿ ಕೊಡ್ರಿ ಅಂತ ರೈತರು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಹಗಲು ರಾತ್ರಿ ಕೂತಿದ್ದರು. ಕೊನೆಗೆ ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಹತ್ತಿರ ಕಲ್ಲು ಬಿದ್ದವು, ಲಾಠಿ ಬೀಸಿದವು. ಇಂಥ ಗದ್ದಲದ ನಂತರ ಎಲ್ಲಾ ಕಡೆ ಏಳೋ ಪ್ರಶ್ನೆ ಒಂದೇ: ಮೊದಲು ಕೈ ಎತ್ತಿದವರು ಯಾರು? ಪೊಲೀಸರದ್ದೊಂದು ಕಥೆ, ಜನರದ್ದೊಂದು. ಯಾರ ಮಾತನ್ನ ನಂಬೋದು?

ಈ ಪ್ರಶ್ನೆ ಹೊಸದೇನಲ್ಲ. 1855ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಚಿತ್ರಹಿಂಸೆ ಕುರಿತ ಆಯೋಗವೊಂದು ವರದಿ ಕೊಟ್ಟಿತು. ಆಗ ನಮ್ಮ ಬಳ್ಳಾರಿನೂ ಅದೇ ಪ್ರಾಂತ್ಯದಲ್ಲಿತ್ತು. ಕಂದಾಯ ವಸೂಲಿಗೆ, ತಪ್ಪೊಪ್ಪಿಗೆಗೆ ಜನರನ್ನ ಹಿಂಸಿಸೋದು ನಿಜ ಅಂತ ಕಂಪನಿ ಸರ್ಕಾರದ ಕಾಗದದಲ್ಲೇ ದಾಖಲಾಯ್ತು. ಅದಾದ ಮೇಲೆ 1861ರ ದಂಡ ಪ್ರಕ್ರಿಯಾ ಸಂಹಿತೆ, ಅದರ ಬೆನ್ನಿಗೆ 1872ರ ಸಾಕ್ಷ್ಯ ಕಾಯ್ದೆ ಒಂದು ಮಾತು ಗಟ್ಟಿ ಮಾಡಿದವು: ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯೋದಿಲ್ಲ. ತಾನೇ ಕಟ್ಟಿದ ಪೊಲೀಸ್ ಇಲಾಖೆಯ ಮಾತನ್ನ ತಾನೇ ನಂಬದ ಸರ್ಕಾರ! ಆ ಸಂಶಯ ಇವತ್ತಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಉಳಿದಿದೆ.

ಪೊಲೀಸರ ಮಾತು ಸಾಲದು ಅಂದಮೇಲೆ ಮತ್ತೊಬ್ಬರು ಬೇಕಲ್ಲ. ಅವರೇ ಪಂಚರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1867ರ ಗ್ರಾಮ ಪೊಲೀಸ್ ಕಾಯ್ದೆಯಡಿ ಊರ ಗೌಡನೇ ಪೊಲೀಸ್ ಪಾಟೀಲ, ಕೈಕೆಳಗೆ ವಾಲೀಕಾರ. ಊರಾಗ ಸಂಶಯದ ಸಾವಾದ್ರೆ, ಕಳವಾದ್ರೆ ನಾಕು ಮಂದಿನ್ನ ಕರೆದು ಪಂಚನಾಮೆ. ಕಾಗದದ ಮೇಲೆ ಒಳ್ಳೇ ವ್ಯವಸ್ಥೆನೇ. ಆದ್ರೆ ಗೌಡ ಕರೆದ ಮೇಲೆ ಇಲ್ಲ ಅನ್ನೋ ಧೈರ್ಯ ಯಾರಿಗಿತ್ತು? ಓದು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿದ್ರೆ ಆ ಕಾಗದದಲ್ಲಿ ಏನಿದೆ ಅಂತ ಅವನಿಗೆ ಹೇಳಿದವರ್ಯಾರು? ವಂಶಪಾರಂಪರ್ಯದ ಗೌಡಿಕೆ 1961ರ ಕಾಯ್ದೆಯಿಂದ ಹೋಯ್ತು, ಪಂಚನಾಮೆ ಉಳೀತು. ಠಾಣೆಗೆ ಪರಿಚಯದ ಅದೇ ಮುಖಗಳು ಮತ್ತೆ ಮತ್ತೆ ಪಂಚರಾಗೋದು, ಕೋರ್ಟಿನಲ್ಲಿ ಸಹಿ ನಂದೇ, ಒಳಗೇನಿದೆ ಗೊತ್ತಿಲ್ಲ ಅಂತ ತಿರುಗಿ ಬೀಳೋದು, ಇದೆಲ್ಲ ಯಾವ ವಕೀಲರನ್ನ ಕೇಳಿದ್ರೂ ಹೇಳ್ತಾರೆ.

ಎದೆಯ ಕ್ಯಾಮೆರಾ ನನಗೆ ಕಾಣೋದು ಈ ಸಾಲಿನಲ್ಲೇ. ಅದು ಹೊಸ ಪಂಚ.

ಬ್ರಿಟನ್ನಿನ ಪ್ಲಿಮತ್‌ನಲ್ಲಿ 2005ರ ಸುಮಾರಿಗೆ ಇದರ ಪ್ರಯೋಗ ಶುರುವಾಯ್ತು. ಆಗ ಕ್ಯಾಮೆರಾ ಇದ್ದದ್ದು ತಲೆ ಹತ್ತಿರ. 2012ರಲ್ಲಿ ಕ್ಯಾಲಿಫೋರ್ನಿಯಾದ ರಿಯಾಲ್ಟೊ ಅನ್ನೋ ಸಣ್ಣ ಊರಲ್ಲಿ ಒಂದು ವರ್ಷ ಪರೀಕ್ಷೆ ಮಾಡಿದ್ರು. ಪೊಲೀಸರ ಮೇಲಿನ ದೂರು ಸುಮಾರು ಶೇ. 88ರಷ್ಟು ಇಳಿದವು. ಜಗತ್ತೇ ಚಪ್ಪಾಳೆ ತಟ್ಟಿತು. 2017ರಲ್ಲಿ ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರನ್ನ ಸೇರಿಸಿ ನೋಡಿದಾಗ ಹೇಳಿಕೊಳ್ಳೋವಂಥ ವ್ಯತ್ಯಾಸನೇ ಕಾಣಲಿಲ್ಲ. ರಿಯಾಲ್ಟೊ ಅಂಕಿ ಹಿಡ್ಕೊಂಡು ಭಾಷಣ ಮಾಡೋರು ವಾಷಿಂಗ್ಟನ್ ಹೆಸರು ಎತ್ತೋದಿಲ್ಲ, ಅದು ಬೇರೆ ಮಾತು.

ನಮ್ಮಲ್ಲಿ ದಾರಿ ಬೇರೆ. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು, ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ದೇಶದ ಪ್ರತಿ ಠಾಣೆಯಲ್ಲೂ ಲಾಕಪ್, ಮೊಗಸಾಲೆ, ಬಾಗಿಲು ಎಲ್ಲಾ ಕಾಣೋ ಹಾಗೆ ಸಿಸಿಟಿವಿ ಇರಬೇಕು, ಮಾತೂ ದಾಖಲಾಗಬೇಕು ಅಂದಿತು. ದೃಶ್ಯಗಳನ್ನ 18 ತಿಂಗಳು, ಆಗದಿದ್ದರೆ ಕಡೇಪಕ್ಷ ಒಂದು ವರ್ಷ ಇಡಬೇಕು. ಆದರೆ ಅದು ಗೋಡೆಯ ಕಣ್ಣು, ಠಾಣೆ ಹೊರಗೆ ಅದಕ್ಕೆ ಕೆಲಸ ಇಲ್ಲ. ಹೊರಗಿನ ಮಾತು ಬಂದದ್ದು 2024ರ ಜುಲೈ 1ರಿಂದ. ಅವತ್ತು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿ ಎಲ್ಲ ವಿಡಿಯೊ ಆಗಲೇಬೇಕು. ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮಜಾ ಅಂದ್ರೆ ಕಾನೂನು ಅದಕ್ಕೆ ಹೇಳೋ ಸಾಧನ, ಸಾಧ್ಯವಾದಷ್ಟೂ ಮೊಬೈಲ್ ಫೋನ್! ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಬೀರು ತೆಗೆಯೋ ಪೇದೆಯ ಪಾಡು ನೋಡಿದ್ರೆ, ಎದೆಯ ಕ್ಯಾಮೆರಾ ಯಾಕೆ ಬೇಕು ಅಂತ ತಾನಾಗೇ ತಿಳೀತದ.

ನನ್ನ ತಕರಾರು ಗುಂಡಿ ಬಗ್ಗೆ. ಗೌಡನ ಕಾಲದಲ್ಲಿ ಪಂಚರನ್ನ ಕರೆಯೋದು, ಬಿಡೋದು ಗೌಡನ ಕೈಲಿತ್ತು. ಕ್ಯಾಮೆರಾದ ಗುಂಡಿ ಪೊಲೀಸರ ಕೈಲಿದೆ, ದೃಶ್ಯ ಉಳಿಯೋದೂ ಅವರ ಕಂಪ್ಯೂಟರಿನಲ್ಲೇ. ಎದೆ ಮೇಲಿದ್ದ ಕ್ಯಾಮೆರಾಕ್ಕೆ ಎದುರಿನ ರೈತ ಕಾಣ್ತಾನೆ, ಲಾಠಿ ಹಿಡಿದ ಕೈ ಅರ್ಧಂಬರ್ಧ. ಹತ್ತರಗಿಯಂಥ ಕಡೆ ರೈತನೊಬ್ಬ ಕೇಸಿಗೆ ಸಿಕ್ಕರೆ, ಆ ದೃಶ್ಯ ಅವನ ವಕೀಲರಿಗೂ ಸಿಗಬೇಕು, ಕೇಳಿದ ದಿನ ಅಳಿಸಿಹೋಗಿರಬಾರದು. ಅದಿಲ್ಲದಿದ್ದರೆ ಇದೂ ಒಂದು ಹೆಬ್ಬೆಟ್ಟೇ.

ನಿಮ್ಮ ಮನೆಗೆ ಶೋಧಕ್ಕೆ ಬಂದ್ರೆ ಎರಡು ಕೆಲಸ ಮಾಡ್ರಿ. ರೆಕಾರ್ಡಿಂಗ್ ಆಗ್ತಾ ಇದೆಯಾ ಅಂತ ಕೇಳಿ ಹೊತ್ತು ಬರೆದಿಟ್ಟುಕೊಳ್ರಿ. ಜಪ್ತಿ ಪಟ್ಟಿಯ ಪ್ರತಿ ಇಸ್ಕೊಳ್ರಿ, ಅದು ಕಾನೂನು ಕೊಟ್ಟ ಹಕ್ಕು. ಹಾಂ, ಅಜ್ಜಂದಿರ ಕಾಲದ ಪಂಚನಾಮೆ ಕಾಗದ ಟ್ರಂಕಿನಾಗ ಉಳಿದಿದ್ರೆ ಫೋಟೊ ತೆಗೆದು ನಮಗೂ ಕಳಸ್ರಿ.